ಕಿಟಕಿಯಾಚೆಯ ಋತು

ಪೂಜೆಗೆ ಕೂರುವ ಮೊದಲು ಕಿಟಕಿಯ ಪರದೆ ಸರಿಸಿ ಹೊರಗೆ ನೋಡುವ ಪುರೋಹಿತರೆಂದರೆ ನಾನು ಕಂಡದ್ದು ಅವರೊಬ್ಬರನ್ನೇ. ಅಡಿಲೇಡಿನ ಅವರ ಮನೆ, ಆಗಸ್ಟ್ ತಿಂಗಳು, ವರಮಹಾಲಕ್ಷ್ಮಿ ಹಬ್ಬ. ಪಂಚೆಯ ಮೇಲೆ ಕಂದು ಬಣ್ಣದ ಉಣ್ಣೆಯ ಕಾರ್ಡಿಗನ್, ಕಾಲಿಗೆ ದಪ್ಪ ಕಾಲುಚೀಲ. ಹೆಂಗಸರೆಲ್ಲ ರೇಷ್ಮೆ ಸೀರೆಯ ಮೇಲೆ ಚಳಿಯ ಜಾಕೆಟ್ ಹಾಕಿಕೊಂಡು ಕಲಶದ ಸುತ್ತ ಕೂತಿದ್ದೆವು. ಅವರು ಮಣೆಯಿಂದ ಎದ್ದು ಹೋಗಿ ಪರದೆ ಸರಿಸಿ, ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದ ತಂತಿಯನ್ನು ನೋಡುತ್ತಾ ನಿಂತರು. ಅವತ್ತು ನೋಡಿದರೆ ಬಿಸಿಲು ಬಂದುಬಿಟ್ಟಿತ್ತು.

"ಏನ್ರೀ ಅದು, ಹೊತ್ತು ಮೀರ್ತಾ ಇದೆ" ಎಂದರು ಅವರ ಹೆಂಡತಿ.

"ನಿನ್ನೆ ಹಾಕಿದ ಟವೆಲ್ ಇನ್ನೂ ಒದ್ದೆ ಇದೆ. ಮಳೆಗಾಲ ಅನ್ನಬಹುದು, ಅಡ್ಡಿಯಿಲ್ಲ" ಎಂದು ಬಂದು ಕೂತು, ಕಂಚಿನ ಕಂಠದಲ್ಲಿ ಸಂಕಲ್ಪ ಶುರು ಮಾಡಿದರು.

ನಾನು ಆಗಷ್ಟೇ ಆಸ್ಟ್ರೇಲಿಯಾಕ್ಕೆ ಬಂದವಳು. ಈ ಮನುಷ್ಯನಿಗೆ ಎಲ್ಲೋ ಒಂದು ಸ್ಕ್ರೂ ಸಡಿಲ ಎಂದುಕೊಂಡೆ. ಪಕ್ಕದಲ್ಲಿದ್ದವರು ಕಿವಿಯಲ್ಲಿ ಹೇಳಿದರು: "ಅವರು ಹಾಗೇನೇ. ಸುಳ್ಳು ಹೇಳಲ್ವಂತೆ. ಅಂದ್ಹಾಗೆ, ದೇವರನ್ನ ನಂಬಲ್ಲ."

ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಆಂಟಿ. ಇಲ್ಲಿ ಹೆಸರು ಬರೆಯುವುದಿಲ್ಲ. ಬರೆದರೆ, "ಅದು ನಾನೇ ಅಂತ ಎಲ್ಲಿಂದ ಗೊತ್ತು?" ಎಂದು ಕೇಳುತ್ತಿದ್ದರು. ಯಾರು ಏನೇ ಹೇಳಲಿ, ಕನ್ನಡಕ ತೆಗೆದು ಕಾರ್ಡಿಗನ್ನಿನ ತುದಿಯಲ್ಲಿ ಒರೆಸುತ್ತಾ "ಎಲ್ಲಿಂದ ಗೊತ್ತು?" ಎನ್ನುವುದು ಅವರ ಅಭ್ಯಾಸ. ಜಗಳದ ಧಾಟಿ ಇರುತ್ತಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬ ಆಸೆಯಿಂದ ಕೇಳುತ್ತಿದ್ದರು, ಅದಕ್ಕೇ ಜನರಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಅವರ ತಂದೆ ಮೈಸೂರಿನ ಅಗ್ರಹಾರದಲ್ಲಿ ಪುರೋಹಿತರು. ಮೇಷ್ಟ್ರು ಮೀಸೆ ಚಿಗುರುವ ಹೊತ್ತಿಗೆ ಪೂಜೆ, ಮದುವೆ, ಶ್ರಾದ್ಧದ ಮಂತ್ರಗಳನ್ನೆಲ್ಲ ಬಾಯಿಪಾಠ ಮಾಡಿ, ಮೀಸೆ ದಟ್ಟವಾಗುವ ಹೊತ್ತಿಗೆ ದೇವರನ್ನು ಬಿಟ್ಟಿದ್ದರು. ಆಮೇಲೆ ಸ್ಕಾಲರ್‌ಶಿಪ್ ಹಿಡಿದು ಅಡಿಲೇಡಿಗೆ ಬಂದು, ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಯೂರೋಪಿನ ವಿಚಾರಗಳ ಚರಿತ್ರೆಯನ್ನು ಕಲಿಸುತ್ತಾ ತಲೆ ನರೆಸಿಕೊಂಡರು. ಮುನ್ನೂರು ಮುನ್ನೂರೈವತ್ತು ವರ್ಷದ ಹಿಂದಿನ ಜ್ಞಾನೋದಯದ ಕಾಲ ಅವರ ವಿಷಯ. ಅದರಲ್ಲೂ ಆ ಕಾಲದ ಬಿಸಿರಕ್ತದ ಪಂಗಡ. "ರ‍್ಯಾಡಿಕಲ್ ಎನ್‌ಲೈಟನ್‌ಮೆಂಟ್ ಅಂತ ಏರ್‌ಪೋರ್ಟಲ್ಲಿ ಮಾತ್ರ ಹೇಳ್ಬಾರ್ದು, ಮೊದಲನೇ ಪದಕ್ಕೇ ಒಳಗೆ ಕೂರಿಸ್ತಾರೆ" ಎಂದು ನಗುತ್ತಿದ್ದರು.

ಊರಿನಲ್ಲಿ ಮಂತ್ರ ಬಲ್ಲವರು ಅವರೊಬ್ಬರೇ ಆಗಿದ್ದ ಕಾಲವೊಂದಿತ್ತು. ಗೃಹಪ್ರವೇಶ, ನಾಮಕರಣ ಎಂದು ಜನ ಬಂದು ಕೇಳಿದರೆ ಇಲ್ಲವೆನ್ನುತ್ತಿರಲಿಲ್ಲ. "ಅಪ್ಪ ಕಲಿಸಿದ ಕಸುಬು. ಗೊತ್ತಿದ್ದೂ ಇಲ್ಲ ಅಂದ್ರೆ ಅದೂ ಸುಳ್ಳೇ ಅಲ್ವಾ" ಎನ್ನುತ್ತಿದ್ದರು. ದೇವರನ್ನು ನಂಬದವರ ಕೈಯಲ್ಲಿ ಪೂಜೆ ಮಾಡಿಸಿಕೊಂಡ ನಮ್ಮ ಜನವನ್ನೂ ಮೆಚ್ಚಬೇಕು. ಉಚ್ಚಾರಣೆ ಸ್ಪಷ್ಟವಾಗಿದೆ ಎಂದು ಎಲ್ಲರಿಗೂ ತೃಪ್ತಿ.

ಅವರದ್ದು ಒಂದೇ ಷರತ್ತು. ಯಾವ ಪೂಜೆಗೂ ಮೊದಲು ಸಂಕಲ್ಪ ಮಾಡುತ್ತೇವಲ್ಲ, ಇಂಥ ಖಂಡದಲ್ಲಿ, ಇಂಥ ನದಿಯ ದಡದಲ್ಲಿ, ಇಂಥ ಅಯನದಲ್ಲಿ, ಇಂಥ ಋತುವಿನಲ್ಲಿ ಕೂತು ಇದನ್ನು ಮಾಡುತ್ತಿದ್ದೇನೆ ಎಂದು, ಅದು ನಿಜವಿರಬೇಕು. ಭೂಮಿಯ ಈ ಕೆಳಭಾಗದಲ್ಲಿ ಋತುಗಳು ತಿರುಗುಮುರುಗು. ಮೈಸೂರಿನಲ್ಲಿ ವಸಂತವಾದಾಗ ಇಲ್ಲಿ ಎಲೆ ಉದುರುತ್ತದೆ. ಆದರೂ ಇಲ್ಲಿನ ನಮ್ಮವರು ಮೈಸೂರಿನ ಪಂಚಾಂಗ ಹಿಡಿದು, ಕೋಟು ಹಾಕಿಕೊಂಡು ಗ್ರೀಷ್ಮ ಋತು ಎನ್ನುತ್ತಾರೆ. ಮೇಷ್ಟ್ರು ಅದನ್ನು ಹೇಳುವುದಿಲ್ಲ. ಅಯನದ ಬಗ್ಗೆ ಅವರದ್ದೇನೂ ತಕರಾರಿಲ್ಲ. ಸೂರ್ಯ ಉತ್ತರಕ್ಕೆ ಹೊರಟರೆ ಎಲ್ಲರಿಗೂ ಉತ್ತರಕ್ಕೇ ಹೊರಟ ಹಾಗೆ. ಋತು ಮಾತ್ರ ಕಿಟಕಿಯಾಚೆ ಕಂಡದ್ದೇ ಆಗಬೇಕು. ಶ್ರಾವಣದ ಹೊತ್ತಿಗೆ ಅವರಿಗೆ ಬಲು ಆರಾಮ. ಪಂಚಾಂಗದಲ್ಲಿ ವರ್ಷ ಋತು, ಅಡಿಲೇಡಿನ ಚಳಿಗಾಲದಲ್ಲೂ ಮಳೆ. ವರಮಹಾಲಕ್ಷ್ಮಿಯನ್ನು ಅಷ್ಟು ಹುರುಪಿನಿಂದ ಮಾಡುತ್ತಿದ್ದದ್ದು ಅದಕ್ಕೇ.

ಒಮ್ಮೆ ನಾನು ಕೇಳಿಯೇಬಿಟ್ಟೆ. "ದೇವರೇ ಇಲ್ಲ ಅಂದ್ಮೇಲೆ ಇಡೀ ಪೂಜೆನೇ ಸುಳ್ಳಲ್ವಾ ಮೇಷ್ಟ್ರೇ? ಋತು ಒಂದನ್ನ ಹಿಡ್ಕೊಂಡು ಯಾಕೆ ಒದ್ದಾಡ್ತೀರಿ?"

ಅವರಿಗೆ ಪ್ರಶ್ನೆ ತುಂಬಾ ಇಷ್ಟವಾಯಿತು. ಕನ್ನಡಕ ತೆಗೆದರು. "ಮಂತ್ರ ಅಂದ್ರೆ ಹೊಗಳೋದು, ಬೇಡೋದು. ಅದರಲ್ಲಿ ಸುಳ್ಳು ನಿಜ ಇಲ್ಲ. ಮಗು ಚೆನ್ನಾಗಿರಲಿ ಅಂತೀಯ, ಅದು ಸುಳ್ಳಾ? ಸಂಕಲ್ಪ ಹಾಗಲ್ಲ. ಅದು ಹೇಳಿಕೆ. ನಾನು ಇಲ್ಲಿದೀನಿ, ಈಗ ಇದೀನಿ ಅಂತ ವಿಳಾಸ ಕೊಡೋದು. ಪೂಜೇಲಿ ನನ್ನಂಥವನು ಮನಸಾರೆ ಹೇಳಬಹುದಾದ್ದು ಅದೊಂದೇ. ಅದನ್ನೂ ತಪ್ಪು ಹೇಳು ಅಂದ್ರೆ ಹೇಗೆ?"

ಶನಿವಾರಗಳಂದು ಅವರ ಗ್ಯಾರೇಜಿನಲ್ಲಿ ಮಾತುಕತೆ ನಡೆಯುತ್ತಿತ್ತು. "ಆರ್ವೋ ಬಂದ್ಬಿಡಿ, ಮೂರು ಗಂಟೆಗೆ" ಎನ್ನುತ್ತಿದ್ದರು. ಮಧ್ಯಾಹ್ನಕ್ಕೆ ಅಲ್ಲಿನವರ ಆಡುಮಾತು ಅದು. ಅಷ್ಟು ವರ್ಷ ಅಲ್ಲಿದ್ದುದರಿಂದ ಮಧ್ಯಾಹ್ನ ಎನ್ನುವ ಪದವೇ ಅವರ ಬಾಯಲ್ಲಿ ಸವೆದುಹೋಗಿತ್ತು. ಕಾರನ್ನು ಹೊರಗೆ ನಿಲ್ಲಿಸಿ, ಮಡಿಸುವ ಕುರ್ಚಿಗಳನ್ನು ಹಾಕಿರುತ್ತಿದ್ದರು. ನಾವು ಹೋಗುತ್ತಿದ್ದದ್ದು ಮುಖ್ಯವಾಗಿ ಆಂಟಿ ಮಾಡುತ್ತಿದ್ದ ಗೊಜ್ಜವಲಕ್ಕಿಗಾಗಿ. ತಿನ್ನುತ್ತಾ ತಿನ್ನುತ್ತಾ ಕಿವಿಗೆ ಬಿದ್ದದ್ದು ಇವತ್ತಿಗೂ ನೆನಪಿದೆ.

ಆ ಕಾಲದ ವಿಚಾರವಂತರಲ್ಲಿ ಎರಡು ಪಂಗಡ ಎನ್ನುತ್ತಿದ್ದರು. ಒಂದು ಮೆತ್ತನೆಯದು. ತಾವು ಪವಾಡಗಳನ್ನು ನಂಬದಿದ್ದರೂ, ಆಳುಕಾಳುಗಳು, ಹೆಂಗಸರು ನಂಬಿಕೊಂಡಿರಲಿ, ಅವರಿಗೆ ನಿಜ ಹೇಳಿದರೆ ಅನಾಹುತವಾದೀತು ಎನ್ನುವವರು. ಇನ್ನೊಂದು ಬಿಸಿರಕ್ತದ್ದು. ಶಾಸ್ತ್ರಗ್ರಂಥವನ್ನೂ ಮನುಷ್ಯರು ಬರೆದ ಉಳಿದ ಪುಸ್ತಕಗಳ ಹಾಗೆಯೇ ಓದಬೇಕು, ಪ್ರಕೃತಿಯ ನಿಯಮವನ್ನು ಮುರಿಯುವುದು ಯಾವುದೂ ಇಲ್ಲ, ಬುದ್ಧಿ ಅರಸನಿಗೂ ಅಡುಗೆಯವಳಿಗೂ ಒಂದೇ, ಆದ್ದರಿಂದ ನಿಜ ಎಲ್ಲರಿಗೂ ಸೇರಿದ್ದು ಎಂದವರು. "ಮೊದಲನೆಯವರು ಒಳ್ಳೆಯವರೇ. ಆದ್ರೆ ಇನ್ನೊಬ್ಬರ ಪಾಲಿನ ನಿಜಾನ ತಾವೇ ಬೀರುವಲ್ಲಿಟ್ಟು ಬೀಗ ಹಾಕ್ಕೊಂಡ್ರು" ಎನ್ನುವಾಗ ಅವರ ದನಿ ಗಡುಸಾಗುತ್ತಿತ್ತು.

ಬಿಸಿರಕ್ತದವರು ಜೈಲಿಗೆ ಹೆದರಿ ಪುಸ್ತಕಗಳನ್ನು ಕದ್ದುಮುಚ್ಚಿ ಅಚ್ಚು ಹಾಕಿಸುತ್ತಿದ್ದರಂತೆ. ಬರೆದವರ ಹೆಸರಿಲ್ಲ, ಅಚ್ಚಾದ ಊರಿನ ಜಾಗದಲ್ಲಿ ಬೇರೆ ಯಾವುದೋ ಊರಿನ ಹೆಸರು. "ನೋಡಿ, ಒಳಗೆಲ್ಲ ನಿಜ, ಮೊದಲನೇ ಪುಟದಲ್ಲಿ ಊರು ಮಾತ್ರ ಸುಳ್ಳು. ಪಾಪ, ಅವರಿಗೆ ಪ್ರಾಣಭಯ ಇತ್ತು. ನಮಗೇನು ಬಂದಿದೆ? ಅಡಿಲೇಡಲ್ಲಿ ಕೂತು ಗೋದಾವರಿ ದಡ ಅಂತೀವಲ್ಲ" ಎಂದು ಎಲ್ಲಿಂದ ಹೊರಟರೂ ಸಂಕಲ್ಪಕ್ಕೇ ಬಂದು ನಿಲ್ಲುತ್ತಿದ್ದರು. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ, ನಮ್ಮ ಪೂರ್ವಜರ ಬಳಿ ವಿಮಾನಗಳಿದ್ದವು ಎಂದು ಹೇಳಿ, "ಎಲ್ಲಿಂದ ಗೊತ್ತು?" ಎಂಬ ಮೆಟ್ಟಿಲುಗಳನ್ನು ಇಳಿಯುತ್ತಾ ಇಳಿಯುತ್ತಾ ಕೊನೆಗೆ ತನ್ನ ಷಡ್ಡಕ ಕಳಿಸಿದ ವಾಟ್ಸಾಪ್ ಸಂದೇಶಕ್ಕೆ ಬಂದು ಮುಟ್ಟಿದ. ಆಂಟಿಯ ಕುಂಕುಮ ನೋಡಿ ತುಟಿ ಕೊಂಕಿಸಿದ ಮೇಷ್ಟ್ರ ಬಿಳಿಯ ಸಹೋದ್ಯೋಗಿಯೊಬ್ಬನಿಗೂ ಅದೇ ಮರ್ಯಾದೆ ಸಿಕ್ಕಿತು. ಅದನ್ನು ಹಚ್ಚಿಕೊಂಡವಳು ದಡ್ಡಿ ಅಂತ ಎಲ್ಲಿಂದ ಗೊತ್ತು ನಿನಗೆ ಎಂದು ಕೇಳಿದರಂತೆ.

ಆಂಟಿಗೆ ಅಪಾರ ಭಕ್ತಿ. ದಿನವೂ ಎರಡು ಹೊತ್ತು ದೇವರ ದೀಪ, ಶುಕ್ರವಾರ ದೇವಿಗೆ ಅರ್ಚನೆ. ಮೇಷ್ಟ್ರು ಅವರೊಡನೆ ದೇವರ ಮುಂದೆ ಕೈ ಮುಗಿದದ್ದನ್ನು ನಾನು ನೋಡಿಲ್ಲ. ಆದರೆ ಪ್ರತಿ ಬೆಳಿಗ್ಗೆ ಹಿತ್ತಲಿನ ದಾಸವಾಳ ಕಿತ್ತು ತಟ್ಟೆಯಲ್ಲಿಟ್ಟು ಕೊಡುತ್ತಿದ್ದವರು ಅವರೇ. ತಮಗೆ ನಂಬಿಕೆ ಇಲ್ಲವೆಂಬುದನ್ನು ಅವರು ಮದುವೆಗೆ ಮೊದಲೇ ಹೇಳಿದ್ದರಂತೆ. "ಇವಳಿಗೆ ಮುಚ್ಚಿಟ್ಟಿದ್ರೆ ಇವಳನ್ನ ಆಳಿನ ಲೆಕ್ಕಕ್ಕೆ ಸೇರಿಸಿದ ಹಾಗೆ" ಎಂದಿದ್ದರು ಒಮ್ಮೆ. ಆಂಟಿ ಒಗ್ಗರಣೆ ಹಾಕುತ್ತಲೇ, "ಆಳಾಗಿದ್ರೆ ಸಂಬಳಾನಾದ್ರೂ ಬರ್ತಿತ್ತು" ಎಂದರು.

ನಾನು ಅಲ್ಲಿಗೆ ಬಂದ ಎರಡನೆಯ ವರ್ಷ, ಕಾರ್ತಿಕ ಮಾಸದಲ್ಲಿ, ಮೈಸೂರಿನಲ್ಲಿ ನನ್ನ ಅಪ್ಪ ತೀರಿಕೊಂಡರು. ನಾನು ಒಬ್ಬಳೇ ಮಗಳು. ವೀಸಾ ಬದಲಾಗುವ ನಡುವೆ ಸಿಕ್ಕಿಕೊಂಡಿದ್ದೆ. ದೇಶ ಬಿಟ್ಟರೆ ತಿರುಗಿ ಒಳಗೆ ಬರುವಂತಿರಲಿಲ್ಲ. ಅಲ್ಲಿ ದೊಡ್ಡಪ್ಪನ ಮಗ ಎಲ್ಲ ಮಾಡಿದ. ನಾನೂ ಇಲ್ಲಿ ಏನಾದರೂ ಮಾಡಬಹುದೇ ಎಂದು ನಮ್ಮ ಮನೆಯ ಪುರೋಹಿತರಿಗೆ ಫೋನ್ ಮಾಡಿದರೆ, "ಹೆಣ್ಣುಮಕ್ಕಳು ಮಾಡೋ ಹಾಗಿಲ್ಲಮ್ಮ, ಕೂತು ನೆನೆಸ್ಕೊಳ್ಳಿ ಸಾಕು" ಎಂದರು. ಮೇಷ್ಟ್ರು ವಿಷಯ ತಿಳಿದು ಎಳ್ಳು, ಪಂಚಪಾತ್ರೆ, ಉದ್ಧರಣೆ ಹಿಡಿದುಕೊಂಡು ನಮ್ಮ ಬಾಡಿಗೆ ಮನೆಗೆ ಬಂದರು, ಜೊತೆಗೆ ಆಂಟಿ.

"ಬುದ್ಧಿ, ಪ್ರೀತಿ ಎರಡೂ ಗಂಡಸರಿಗೆ ಮಾತ್ರ ಕೊಟ್ಟಿದೆ ಅಂತ ಅವರಿಗೆ ಎಲ್ಲಿಂದ ಗೊತ್ತಂತೆ? ಕೂತ್ಕೋ" ಎಂದರು.

ಸಂಕಲ್ಪವನ್ನು ತುಂಡು ತುಂಡಾಗಿ ಹೇಳಿಕೊಟ್ಟರು. ಆಸ್ಟ್ರೇಲಿಯಾ ಖಂಡ, ಅಡಿಲೇಡ್ ನಗರ, ಟಾರೆನ್ಸ್ ನದಿಯ ತೀರ, ದಕ್ಷಿಣಾಯನ. ಋತು ಬಂದಾಗ ನಾನು ತಡವರಿಸಿದೆ. ಪಂಚಾಂಗದ ಪ್ರಕಾರ ಶರದೃತು.

"ಹೊರಗೆ ನೋಡು. ಏನಿದೆ?"

ರಸ್ತೆಯ ಎರಡೂ ಬದಿಗೆ ಜಕರಂಡಾ ಮರಗಳು ನೇರಳೆ ಹೂ ಹೊತ್ತು ನಿಂತಿದ್ದವು. ವಸಂತ ಋತೌ ಎಂದೆ. ಅಷ್ಟು ದಿನ ನಾನು ಅರ್ಧ ಮೈಸೂರಿನಲ್ಲಿ, ಅರ್ಧ ಫೋನಿನಲ್ಲಿ ಇದ್ದೆ. ಆ ಮಾತು ಆಡಿದ ಮೇಲೆಯೇ ನಾನು ಎಲ್ಲಿದ್ದೇನೆ, ಅಪ್ಪ ಎಲ್ಲಿಲ್ಲ ಎಂಬುದು ತಿಳಿದು ಬಿಕ್ಕಿ ಬಿಕ್ಕಿ ಅತ್ತೆ. ಮೇಷ್ಟ್ರು ಅಳು ಮುಗಿಯುವವರೆಗೂ ಉದ್ಧರಣೆ ಹಿಡಿದು ಕೂತಿದ್ದರು.

ಹೊರಡುವಾಗ ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು. "ನಿಮ್ಮಪ್ಪಂಗೆ ಗೊಂದಲ ಆಗ್ಬಾರ್ದು ಅಂತ ನಾನು ಒಳಗೆ ನಿನ್ನ ದೇವರ ಮುಂದೆ ಶರದೃತು ಅಂತ ಸರಿಯಾಗಿ ಹೇಳಿದೀನಿ. ಯೋಚ್ನೆ ಮಾಡ್ಬೇಡ. ಇವರಿಗೆ ಹೇಳ್ಬೇಡ." ನನಗೆ ಅವತ್ತು ಇಬ್ಬರೂ ಬೇಕಾಗಿದ್ದರು.

ಮರುವರ್ಷದ ಯುಗಾದಿಗೆ ರಗಳೆಯಾಯಿತು. ಬಾಡಿಗೆಗೆ ಹಿಡಿದ ಸಭಾಂಗಣ, ನಮ್ಮವರೆಲ್ಲ ಸೇರಿದ್ದರು, ಬೇವಿನ ಎಲೆ ಸಿಗದೆ ಅಂಗಡಿಯ ಬೇವಿನ ಪುಡಿಯನ್ನು ಬೆಲ್ಲಕ್ಕೆ ಕಲಸಿಟ್ಟಿದ್ದರು. ಮೇಷ್ಟ್ರು ಮೈಕಿನ ಮುಂದೆ ಕೂತು, ಹೊಸ ವರ್ಷದ ಸಂಕಲ್ಪದಲ್ಲಿ ವಸಂತದ ಬದಲು ಕಡ್ಡಿ ಮುರಿದಂತೆ ಶರದೃತು ಎಂದರು. ಗುಸುಗುಸು ಎದ್ದಿತು. ಪೂಜೆ ಮುಗಿದ ಮೇಲೆ ಸಂಘದ ಅಧ್ಯಕ್ಷರು ಹತ್ತಿರ ಬಂದರು. ಸಾಧು ಮನುಷ್ಯ.

"ಮೇಷ್ಟ್ರೇ, ಮನೇಲಾದ್ರೆ ಪರವಾಗಿಲ್ಲ. ಇಲ್ಲಿ ವರ್ಷದ ಮೊದಲನೇ ದಿನ, ಎಲ್ರೂ ಬಂದಿರ್ತಾರೆ. ವಸಂತ ಅಂದ್ಬಿಟ್ರೆ ಏನು ಹೋಗುತ್ತೆ?"

"ಹೊರಗೆ ಕಾರ್ ಪಾರ್ಕಲ್ಲಿ ಎಲೆ ಉದುರಿದ್ದು ನೋಡಿದ್ರಲ್ಲ ಸಾರ್."

"ಶಾಸ್ತ್ರ ಅಂದ್ರೆ ಶಾಸ್ತ್ರ. ಗೋದಾವರಿಯ ದಕ್ಷಿಣಕ್ಕೆ ಅಂತ ಹೇಳ್ತೀವಿ. ಅಡಿಲೇಡೂ ಗೋದಾವರಿಯ ದಕ್ಷಿಣಕ್ಕೇ ತಾನೇ ಇರೋದು?"

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು. ತಮ್ಮನ್ನು ಸೋಲಿಸಿದ ವಾದ ಅದೊಂದೇ ಎಂದು ಆಮೇಲೆಯೂ ಹೇಳುತ್ತಿದ್ದರು. ಅಧ್ಯಕ್ಷರು ನಗಲಿಲ್ಲ. ಮುಂದಿನ ಹಬ್ಬದಿಂದ ಬೇರೆ ಪುರೋಹಿತರು ಬಂದರು. ಅದಕ್ಕೆ ಮೇಷ್ಟ್ರಿಗೆ ಬೇಸರವಾಗಲಿಲ್ಲ. ಆದರೆ ಶುಕ್ರವಾರದ ಕುಂಕುಮಕ್ಕೆ ಆಂಟಿಗೆ ಬರುತ್ತಿದ್ದ ಕರೆಗಳು ಒಂದೊಂದಾಗಿ ನಿಂತವು. ಗಂಡನ ಮಾತಿನ ಬಿಸಿ ಹೆಂಡತಿಗೆ ತಟ್ಟುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಆಂಟಿ ಸೀರೆ ಉಟ್ಟು ರೆಡಿಯಾಗಿ, ಯಾರೂ ಕರೆಯದೆ, ಸಂಜೆ ಅದೇ ಸೀರೆಯಲ್ಲಿ ಟಿವಿ ನೋಡುತ್ತಾ ಕೂತಿದ್ದುದನ್ನು ನಾನು ಕಂಡಿದ್ದೇನೆ. ಮೇಷ್ಟ್ರೂ ಕಂಡಿದ್ದರು. ಒಂದು ದಿನ ನನ್ನ ಎದುರಿಗೇ ಕೇಳಿದರು.

"ಆ ಒಂದು ಪದ ನುಂಗಿಕೊಳ್ಳಬಹುದಿತ್ತು ಅನ್ಸುತ್ತಾ ನಿನಗೆ?"

"ನುಂಗಿದ್ರೆ ನಿಮಗೆ ಅರಗ್ತಿರ್ಲಿಲ್ಲ, ಬಿಡಿ" ಎಂದರು ಆಂಟಿ.

ನನ್ನ ಗಂಡನಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿ ನಾವು ಎಲೆನ್‌ಬ್ರೂಕ್ ಬಡಾವಣೆಗೆ ಹೋದೆವು. ಒಂದೆರಡು ವರ್ಷದಲ್ಲಿ ಅವರೂ ಅಡಿಲೇಡಿನ ಮನೆ ಮಾರಿ, ಪರ್ತ್‌ನ ಸದರ್ನ್ ರಿವರಿನಲ್ಲಿದ್ದ ಮಗಳ ಮನೆಯ ಹತ್ತಿರಕ್ಕೆ ಬಂದರು. ಮಗಳು ಅಡಿಲೇಡಿನಲ್ಲೇ ಹುಟ್ಟಿ ಬೆಳೆದವಳು, ನರ್ಸ್. ಅಪ್ಪ ಅಮ್ಮ ಕನ್ನಡದಲ್ಲಿ ಮಾತಾಡುತ್ತಿದ್ದರು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಮೂವರಿಗೂ ಅದೇನೂ ವಿಚಿತ್ರವೆನಿಸುತ್ತಿರಲಿಲ್ಲ. ನಾನು ಪಟ್ಟಣದ ಆ ತುದಿಯಿಂದ ಈ ತುದಿಗೆ ಕಾರು ಓಡಿಸಿಕೊಂಡು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಅಲ್ಲಿಯೂ ಹಿತ್ತಲಿನಲ್ಲಿ ದಾಸವಾಳ ನೆಟ್ಟಿದ್ದರು. ಪರ್ತ್‌ನಲ್ಲೂ ಮಳೆ ಬರುವುದು ಚಳಿಗಾಲದಲ್ಲೇ ಎಂದು ಖಚಿತ ಮಾಡಿಕೊಂಡು, "ವರಮಹಾಲಕ್ಷ್ಮಿಗೆ ತೊಂದರೆಯಿಲ್ಲ" ಎಂದು ಆಂಟಿಗೆ ವರದಿ ಒಪ್ಪಿಸಿದ್ದರು.

ಆಂಟಿಗೆ ಕ್ಯಾನ್ಸರ್ ಎಂದು ತಿಳಿದಾಗ ಅದು ಆಗಲೇ ಯಕೃತ್ತಿಗೆ ಹರಡಿತ್ತು.

ಯುಗಾದಿ ಹತ್ತಿರವಿದ್ದ ಒಂದು ಭಾನುವಾರ. ಹಿತ್ತಲಿನ ಚಪ್ಪರದ ಕೆಳಗೆ ಕುರ್ಚಿಯಲ್ಲಿ ಆಂಟಿ ಕೂತಿದ್ದರು, ಮೇಲೆ ಹೊದಿಕೆ. ಮೇಷ್ಟ್ರು ಕಿತ್ತಳೆಯ ತೊಳೆಗಳ ನಾರು ಬಿಡಿಸಿ ಒಂದೊಂದಾಗಿ ಕೊಡುತ್ತಿದ್ದರು. ಮೂರು ತೊಳೆ ತಿಂದರೆ ಅದೇ ಹಬ್ಬ ಎನ್ನುವ ಸ್ಥಿತಿ.

"ನೋಡ್ರೀ, ನನ್ನ ಕರ್ಮ ನೀವೇ ಮಾಡ್ಬೇಕು. ಮಗಳಿಗೆ ಬರಲ್ಲ" ಎಂದರು ಆಂಟಿ.

"ಮಾಡ್ತೀನಿ."

"ಋತು ಸರಿಯಾಗಿ ಹೇಳ್ಬೇಕು."

"ಸರಿಯಾಗಿ ಅಂದ್ರೆ?"

"ನಿಮಗೆ ಗೊತ್ತು. ಪಂಚಾಂಗದ್ದು."

ಮೇಷ್ಟ್ರು ಕಿತ್ತಳೆ ಕೆಳಗಿಟ್ಟರು. "ನಿನ್ನ ವಿಷಯದಲ್ಲಿ ನಾನು ಯಾವತ್ತೂ ಸುಳ್ಳು ಹೇಳಿಲ್ಲ. ಕೊನೇಲಿ ಹೇಳು ಅಂತೀಯಾ?"

"ಸಂಕಲ್ಪ ಅಂದ್ರೆ ವಿಳಾಸ ಅಂತೀರಲ್ಲ, ಒಪ್ಪಿದೆ. ಟಪಾಲಿನ ಮೇಲೆ ಯಾರ ವಿಳಾಸ ದೊಡ್ಡದಾಗಿ ಬರೀತಾರೆ? ಕಳಿಸೋರದಾ, ಸೇರಬೇಕಾದ್ದಾ?" ಆಂಟಿ ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. "ನಮ್ಮಮ್ಮ, ನಮ್ಮಪ್ಪ, ನಿಮ್ಮಮ್ಮ, ಎಲ್ರೂ ಆ ಪಂಚಾಂಗದಲ್ಲೇ ಹೋದೋರು. ನಾನೊಬ್ಳು ಬೇರೆ ಋತುವಲ್ಲಿ ಹೊರಟ್ರೆ ಅವರನ್ನ ಎಲ್ಲಿ ಅಂತ ಹುಡುಕ್ಲಿ?"

ನಾನು ಆ ಪ್ರಶ್ನೆ ಬರಲೆಂದು ಕಾದೆ. ಎಲ್ಲಿಂದ ಗೊತ್ತು, ಅವರೆಲ್ಲ ಅಲ್ಲಿದ್ದಾರೆ ಅಂತ? ಮೇಷ್ಟ್ರು ಕೇಳಲಿಲ್ಲ. ಕನ್ನಡಕ ತೆಗೆದರು, ಒರೆಸದೆ ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು. ಇನ್ನೊಂದು ತೊಳೆ ಬಿಡಿಸಿ ಕೊಟ್ಟರು.

ವೈಶಾಖದಲ್ಲಿ ಆಂಟಿ ಹೋದರು. ಹತ್ತನೆಯ ದಿನದ ಕರ್ಮಕ್ಕೆ ಅದೇ ಚಪ್ಪರದ ಕೆಳಗೆ ಮೇಷ್ಟ್ರು ಒದ್ದೆ ಪಂಚೆಯಲ್ಲಿ ಕೂತರು. ಕಾರ್ಡಿಗನ್ ಇಲ್ಲದೆ ಅವರ ಎದೆಗೂಡು ಅಷ್ಟು ಸಣ್ಣದೆಂದು ಅವತ್ತೇ ನನಗೆ ಗೊತ್ತಾದದ್ದು. ದೇವಸ್ಥಾನದಿಂದ ಬಂದ ಯುವ ಪುರೋಹಿತರು ಸಂಕಲ್ಪ ಹೇಳಿಕೊಡತೊಡಗಿದರು. ಋತುವಿನ ಜಾಗಕ್ಕೆ ಬಂದಾಗ ಅವರು ನಿಲ್ಲಿಸಿ ಮೇಷ್ಟ್ರ ಮುಖ ನೋಡಿದರು. ಯುಗಾದಿಯ ಕಥೆ ಅವರಿಗೂ ತಲುಪಿತ್ತು. ನೀವೇ ಹೇಳಿಕೊಳ್ಳಿ ಎನ್ನುವಂತೆ ಕಾದರು. ಅಧ್ಯಕ್ಷರೂ ಅಡಿಲೇಡಿನಿಂದ ಬಂದಿದ್ದರು.

ಮೇಷ್ಟ್ರು ತಲೆ ಎತ್ತಿ ನೋಡಿದರು. ಪಕ್ಕದ ಮನೆಯವರ ದ್ರಾಕ್ಷಿ ಬಳ್ಳಿ ಬೇಲಿಯ ಮೇಲೆ ಹಬ್ಬಿತ್ತು. ಅದರ ಎಲೆಯೆಲ್ಲ ಕೆಂಪಗಾಗಿ, ಅರ್ಧ ಉದುರಿ, ಕಡ್ಡಿಗಳು ಕಾಣುತ್ತಿದ್ದವು. ಅದನ್ನು ಸಾಕಷ್ಟು ಹೊತ್ತು ನೋಡಿದರು.

"ವಸಂತ ಋತೌ" ಎಂದರು. ದನಿ ಒಡೆಯಲಿಲ್ಲ, ಉಚ್ಚಾರಣೆ ಯಾವತ್ತಿನಂತೆ ಸ್ಪಷ್ಟ.

ಊಟಕ್ಕೆ ಕೂತಾಗ ಯಾರೋ ತೃಪ್ತಿಯಿಂದ ಹೇಳುತ್ತಿದ್ದರು, "ಕೊನೆಗೂ ಮೇಷ್ಟ್ರು ದಾರಿಗೆ ಬಂದ್ರು." ಅವರಿಗೂ ಕೇಳಿಸಿತು. ತಿದ್ದಲಿಲ್ಲ. ಮೂವತ್ತು ವರ್ಷ ಎಲ್ಲರನ್ನೂ ತಿದ್ದಿದ ಮನುಷ್ಯ ಎಲೆಯ ಮೇಲಿನ ಅನ್ನ ಕಲಸುತ್ತಾ ಇದ್ದುಬಿಟ್ಟರು.

ಎಲ್ಲರೂ ಹೋದ ಮೇಲೆ ನಾನು ಪಾತ್ರೆ ಒರೆಸಿಡುತ್ತಾ, "ಅದು ಸುಳ್ಳಲ್ಲ ಮೇಷ್ಟ್ರೇ. ಆಂಟಿ ಕೇಳಿದ ವಿಳಾಸ ಕೊಟ್ರಿ, ಅಷ್ಟೇ" ಎಂದೆ.

"ಬೇಡ, ಸಮಾಧಾನ ಹೇಳ್ಬೇಡ" ಎಂದರು. "ಸುಳ್ಳೇ ಹೇಳಿದೆ. ಬಳ್ಳಿ ನೋಡ್ಕೊಂಡೇ ಹೇಳಿದೆ. ನನ್ನ ದುಃಖ ಅದಲ್ಲ. ಅವಳು ಕೇಳಿಸ್ಕೊಳ್ತಾಳೆ ಅಂತ ನಂಬಿ ಹೇಳಿದ್ರೆ ಒಂದು ಅರ್ಥ ಇರ್ತಿತ್ತು. ನಾನು ನಂಬಲ್ಲ. ಅವಳು ಇಲ್ಲ. ಹಾಗಾದ್ರೆ ನಾನು ಹೇಳಿದ್ದು ಯಾರಿಗೆ?"

ನಾನು ನಂಬುವವಳು, ದಿನವೂ ದೀಪ ಹಚ್ಚುವವಳು. ಆಂಟಿ ಕೇಳಿಸಿಕೊಂಡರು ಎನ್ನಲು ನಾಲಿಗೆಯ ತುದಿವರೆಗೂ ಬಂತು. ಅವರ ಮುಖ ನೋಡಿ ಹೇಳಲಾಗಲಿಲ್ಲ.

ಅಲ್ಲಿಂದಾಚೆಗೆ ಅವರು ಕುಗ್ಗಿಹೋದರು. ದಾಸವಾಳ ಗಿಡದಲ್ಲೇ ಬಾಡುತ್ತಿತ್ತು. ಮಗಳು ದೇವರ ಮುಂದೆ ಬ್ಯಾಟರಿಯ ದೀಪ ಇಟ್ಟಿದ್ದಳು, ಅದರ ಬಗ್ಗೆ ಅವರು ಏನೂ ಅನ್ನಲಿಲ್ಲ. ನಾನು ಬೇಕೆಂದೇ ಏನಾದರೊಂದು ಅಸಂಬದ್ಧ ಮಾತಾಡಿ, ಎಲ್ಲಿಂದ ಗೊತ್ತು ಎನ್ನಲಿ ಎಂದು ಕಾಯುತ್ತಿದ್ದೆ. "ಇರಬಹುದು" ಎನ್ನುತ್ತಿದ್ದರು. ಅವರ ಬಾಯಲ್ಲಿ ಆ ಪದ ಕೇಳುವುದೇ ನನಗೆ ಕಷ್ಟವಾಗುತ್ತಿತ್ತು. ಜನ ಮಾತ್ರ ಮತ್ತೆ ಮನೆಗೆ ಬರತೊಡಗಿದರು, ಪ್ರಸಾದ ತಂದುಕೊಡುತ್ತಿದ್ದರು. ಅದರಲ್ಲಿ ಒಂದು ಪಾಲಾದರೂ ಆಂಟಿ ಇದ್ದಾಗ ಬಂದಿದ್ದರೆ ಎಂದು ನನಗೆ ಮೈ ಉರಿಯುತ್ತಿತ್ತು.

ನಾವು ಬ್ರಿಸ್ಬೇನಿನ ಕ್ಯಾಲಮ್‌ವೇಲಿಗೆ ಹೋದ ಮೇಲೆ ಫೋನಿನಲ್ಲೇ ಮಾತು. ಕೊನೆಯ ಸಲ ಅವರೇ ಫೋನ್ ಮಾಡಿದ್ದರು.

"ಗ್ಯಾರೇಜಲ್ಲಿ ಪುಸ್ತಕದ ಊರಿನ ಹೆಸರಿನ ಕಥೆ ಹೇಳಿದ್ದೆ, ನೆನಪಿದೆಯಾ?"

"ಇದೆ. ಊರು ಸುಳ್ಳು, ಒಳಗೆಲ್ಲ ನಿಜ."

"ಹ್ಞಾಂ. ಇಷ್ಟು ವರ್ಷ ಪಾಠ ಮಾಡಿದೋನಿಗೆ ಈಗ ಹೊಳೀತು ನೋಡು. ಅವಳಿಗೆ ನಾನು ಹಾಕಿದ್ದೂ ಅದೇ ಥರದ ಮೊದಲನೇ ಪುಟ. ಆದ್ರೂ ಸುಳ್ಳು ಸುಳ್ಳೇ, ತಿಳ್ಕೋ" ಎಂದರು. ಹಳೆಯ ಗಡಸು ದನಿ ಸ್ವಲ್ಪ ಮರಳಿತ್ತು. ನನಗೆ ಅಷ್ಟಕ್ಕೇ ಖುಷಿಯಾಗಿತ್ತು.

ಆಗಸ್ಟ್ ತಿಂಗಳಲ್ಲಿ ಮಗಳು ಫೋನ್ ಮಾಡಿದಳು. ನಿದ್ದೆಯಲ್ಲೇ ಹೋಗಿದ್ದರು. ಬ್ರಿಸ್ಬೇನಿನಲ್ಲಿ ಅದು ಒಣ ಕಾಲ. ಮೋಡವಿಲ್ಲದ ಬಿಸಿಲಿನಲ್ಲಿ ವಿಮಾನ ಹತ್ತಿ, ಐದಾರು ಗಂಟೆ ಕಿಟಕಿಗೆ ತಲೆ ಆನಿಸಿಕೊಂಡು ಪರ್ತ್ ತಲುಪಿದೆ.

ಚಿತಾಗಾರದ ಪ್ರಾರ್ಥನಾ ಕೋಣೆಯಲ್ಲಿ ಹತ್ತಾರು ಜನ. ಪುರೋಹಿತರಿಲ್ಲ. ತಮಗೆ ಯಾವ ಕರ್ಮವೂ ಬೇಡವೆಂದು ಮೇಷ್ಟ್ರು ಮಗಳಿಗೆ ಮೊದಲೇ ಹೇಳಿದ್ದರು. ಪೆಟ್ಟಿಗೆಯ ಪಕ್ಕ ಗೋಡೆಯ ಮೇಲೊಂದು ಗುಂಡಿ. ಅದನ್ನು ಒತ್ತಿದರೆ ಪೆಟ್ಟಿಗೆ ಒಳಗೆ ಸರಿಯುತ್ತದೆ. ಮಗಳು ಅದರ ಮುಂದೆ ನಿಂತು, ನನ್ನ ಕೈ ಗಟ್ಟಿಯಾಗಿ ಹಿಡಿದು, ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿದಳು. ಸುಮ್ಮನೆ ಗುಂಡಿ ಒತ್ತಿ ಮನೆಗೆ ಹೋಗಲು ನನ್ನಿಂದಾಗುವುದಿಲ್ಲ, ನೀವು ಏನಾದರೂ ಹೇಳಿ. ಆಮೇಲೆ ಕಣ್ಣೊರೆಸಿಕೊಂಡು, "ಸಮ್‌ಥಿಂಗ್ ಡ್ಯಾಡ್ ವೋಂಟ್ ಆರ್ಗ್ಯೂ ವಿತ್" ಎಂದಳು.

ಅಪ್ಪ ತಕರಾರು ಮಾಡದಂಥ ಮಾತು. ಅಂಥದ್ದೇನಿದೆ? ಆತ್ಮಕ್ಕೆ ಶಾಂತಿ ಎನ್ನುವಂತಿಲ್ಲ, ಆಂಟಿಯನ್ನು ಸೇರಿಕೊಂಡರು ಎನ್ನುವಂತಿಲ್ಲ. ಮನಸಾರೆ ಹೇಳಬಹುದಾದ್ದು ಅದೊಂದೇ ಎಂದು ಅವರೇ ಹೇಳಿದ್ದದ್ದು ನೆನಪಾಯಿತು. ಹೋಗಿ ಕಿಟಕಿಯ ಪರದೆ ಸರಿಸಿದೆ.

ಧೋ ಎಂದು ಸುರಿಯುತ್ತಿತ್ತು. ಕಾರುಗಳ ಮೇಲೆ, ಗುಲಾಬಿ ಗಿಡಗಳ ಮೇಲೆ, ಕೊಡೆ ಹಿಡಿದು ಓಡಿ ಬರುತ್ತಿದ್ದ ಅಧ್ಯಕ್ಷರ ಮೇಲೆ. ಕೈಚೀಲದಲ್ಲಿದ್ದ ಫೋನಿನ ಪಂಚಾಂಗವನ್ನು ನೋಡುವ ಅಗತ್ಯವಿರಲಿಲ್ಲ. ಶ್ರಾವಣ ಮಾಸ ಎಂದು ನನಗೆ ಗೊತ್ತಿತ್ತು.

ಪೆಟ್ಟಿಗೆಯ ಬಳಿ ನಿಂತು, ಅವರು ನನಗೆ ಹೇಳಿಕೊಟ್ಟ ಹಾಗೆಯೇ ತುಂಡು ತುಂಡಾಗಿ ಹೇಳಿದೆ. ಆಸ್ಟ್ರೇಲಿಯಾ ಖಂಡ. ಪರ್ತ್ ನಗರ. ಸ್ವಾನ್ ನದಿಯ ತೀರ. ದಕ್ಷಿಣಾಯನ. ಋತುವಿನ ಜಾಗ ಬಂದಾಗ ಒಂದು ಗಳಿಗೆ ನಿಂತೆ. ಮಗಳಿಗೂ ಮಳೆಯ ಸದ್ದು ಕೇಳಿಸಲಿ ಎಂದು.

"ವರ್ಷ ಋತೌ" ಎಂದೆ. ಅದು ಮೇಷ್ಟ್ರ ಋತು, ಆಂಟಿಯ ಋತುವೂ ಅದೇ. ಯಾರಿಗಾಗಿಯೂ ಸುಳ್ಳು ಹೇಳಬೇಕಾಗಿರಲಿಲ್ಲ.

ಇದಾದ ಮೇಲೆ ಸಂಕಲ್ಪದಲ್ಲಿ ಬರುವುದು ಕೇಳಿಕೊಳ್ಳುವ ಭಾಗ. ಇವರಿಗೆ ಒಳ್ಳೆಯ ಲೋಕ ಸಿಗಲಿ, ಹೋದವರನ್ನು ಕೂಡಲಿ ಎಂದು. ಕೇಳಿಕೊಳ್ಳಬೇಕೆಂದು ನನಗೆ ಬಹಳ ಆಸೆಯಿತ್ತು. ಋತುವಿಗೇ ನಿಲ್ಲಿಸಿ, ಹಿಂದೆ ಸರಿದು ನಿಂತೆ. ಮಗಳು ಗುಂಡಿ ಒತ್ತಿದಳು.